ಎರಡು ಸುತ್ತು, ಒಂದು ಕಿರುಬೆರಳು

ಕೊರೀನ್ ಬಂದಾಗ ಅಲ್ವೀನಾ ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದಳು. ಬೀಟ್ ಕೊಯ್ಲಿನ ದಿನಗಳು. ಸಕ್ಕರೆ ಕಾರ್ಖಾನೆಗೆ ಗೆಡ್ಡೆ ಹೊತ್ತ ಲಾರಿಗಳು ನಸುಕಿನಿಂದಲೇ ಮನೆಮುಂದಿನ ರಸ್ತೆಯಲ್ಲಿ ಸಾಲುಗಟ್ಟಿ ಓಡುತ್ತಿದ್ದವು. ಒಂದೊಂದು ಲಾರಿ ಹಾದಾಗಲೂ ಕಿಟಕಿಯ ಗಾಜು ನಡುಗುತ್ತಿತ್ತು. ಆ ಸದ್ದಿನ ನಡುವೆ ಕೊರೀನಳ ಗಾಡಿ ಅಂಗಳಕ್ಕೆ ತಿರುಗಿದ್ದು ಅವಳಿಗೆ ಕೇಳಿಸಲೇ ಇಲ್ಲ. ಒಳಗೆ ಬಂದವಳೇ ಕೊರೀನ್ ಒಂದು ಹಸಿ ಕೋಸಿನೆಲೆ ಎತ್ತಿ ಬಾಯಿಗೆ ಹಾಕಿಕೊಂಡಳು.

"ದೊಡ್ಡಪ್ಪ ಎಲ್ಲಿ, ದೊಡ್ಡಮ್ಮ?"

"ಆರು ಗಂಟೆಗೇ ಶೆಡ್ಡಿಗೆ ಹೋಗಿ ಕೂತಿದಾನೆ. ನಿನ್ನೆಯಿಂದ ಸರಿಯಾಗಿ ಊಟ ಇಲ್ಲ. ಮಗಳನ್ನ ಗಂಡನ ಮನೆಗೆ ಕಳಿಸೋನ ಹಾಗೆ ಆಡ್ತಿದಾನೆ."

ಕೊರೀನ್ ನಕ್ಕಳು. ಅವಳು ಅಲ್ವೀನಾಳ ಮೈದುನ ಎಮಿಲನ ಮಗಳು. ನಲವತ್ತು ದಾಟಿದೆ, ಪಟ್ಟಣದ ಕಾಲೇಜಿನಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸುತ್ತಾಳೆ. ಎಮಿಲ್ ತೀರಿಕೊಂಡು ಆರು ವರ್ಷವಾಯಿತು. ಶೆಡ್ಡಿನಲ್ಲಿ ನಿಂತಿದ್ದ ಐವತ್ತೈದನೇ ಇಸವಿಯ ಫೋರ್ಡ್ ಪಿಕಪ್ಪನ್ನು ಕೊಂಡದ್ದು ಎಮಿಲನ ಮತ್ತು ಅವನ ಅಣ್ಣ, ಅಲ್ವೀನಾಳ ಗಂಡ ರೂಬೆನ್‌ನ ಅಪ್ಪ. ಈ ವಸಂತದಲ್ಲಿ ರೂಬೆನ್‌ಗೆ ಸೊಂಟದ ಕೀಲು ಬದಲಾಯಿಸಿದ್ದರು. ಇನ್ನು ಆ ಎತ್ತರದ ಗಾಡಿ ಹತ್ತುವುದು ಆಗದ ಮಾತು ಅಂತ ಗೊತ್ತಾದ ಮೇಲೆ, ಎರಡು ತಿಂಗಳು ಯೋಚಿಸಿ, ಗಾಡಿ ಕೊರೀನಳದು ಅಂತ ಅವನೇ ಹೇಳಿದ.

ಅಲ್ವೀನಾ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕಾಫಿ ಫ್ಲಾಸ್ಕು ಎತ್ತಿಕೊಂಡು ಅವಳ ಹಿಂದೆಯೇ ಹೊರಟಳು. ಮಧ್ಯಾಹ್ನಕ್ಕೆ ಬಿರೋಕ್ ಮಾಡುವುದಿತ್ತು. ಕೋಸು, ಮಾಂಸ ಹುರಿದು ಬನ್ನಿನೊಳಗೆ ತುಂಬಿ ಬೇಯಿಸುವುದು ಒಂದು ಗಂಟೆಯ ಕೆಲಸ. ಹಿಟ್ಟು ಉಬ್ಬುವವರೆಗೆ ಪುರುಸೊತ್ತಿತ್ತು.

ಶೆಡ್ಡಿನಲ್ಲಿ ರೂಬೆನ್ ಎತ್ತರದ ಸ್ಟೂಲಿನ ಮೇಲೆ ಊರುಗೋಲು ಹಿಡಿದು ಕೂತಿದ್ದ. ಪಿಕಪ್ಪಿನ ಗಾಜು ಒರೆಸಿ ಥಳಥಳ ಮಾಡಿದ್ದ. ಕೊರೀನ್ ತನಗೆ ಬೇಕಾದದ್ದನ್ನು ವಿವರಿಸಿದಳು. ಈಗಿರುವ ಗೇರ್‌ಬಾಕ್ಸ್ ತೆಗೆದು ಐದು ಗೇರಿನದೊಂದನ್ನು ಕೂರಿಸುವ ಯೋಚನೆ ಅವಳದು. ಹಾಗೆ ಮಾಡಿದರೆ ಗಾಡಿ ಹೆದ್ದಾರಿಯಲ್ಲಿ ಕಿರುಚದೆ ಓಡುತ್ತದೆ. ಆದರೆ ಅದಕ್ಕೆ ಮುಂಚೆ ಹಿಂದಿನ ಆಕ್ಸಲ್ಲಿನ ಲೆಕ್ಕ ಗೊತ್ತಾಗಬೇಕು. ಚಕ್ರ ಒಂದು ಸುತ್ತು ಸುತ್ತಬೇಕಾದರೆ ಎಂಜಿನ್ನಿನಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎನ್ನುವ ಲೆಕ್ಕ. ಅದು ತಿಳಿಯದೆ ಗೇರ್‌ಬಾಕ್ಸ್ ಕೊಳ್ಳುವುದು ಕಾಲಿನ ಅಳತೆ ಗೊತ್ತಿಲ್ಲದೆ ಬೂಟು ಕೊಂಡ ಹಾಗೆ.

"ಆಕ್ಸಲ್ಲಿನ ಮುಚ್ಚಳ ಯಾವಾಗಲಾದ್ರೂ ಬಿಚ್ಚಿದ್ರಾ ದೊಡ್ಡಪ್ಪ? ಒಳಗೆ ಗೇರಿನ ಮೇಲೆ ಹಲ್ಲಿನ ಸಂಖ್ಯೆ ಕೊರೆದಿರ್ತಾರೆ."

ರೂಬೆನ್ ಊರುಗೋಲಿನ ತುದಿಯಿಂದ ನೆಲದ ಮೇಲಿನ ಒಣ ಮಣ್ಣನ್ನು ಕೆದಕಿದ. ಯಾರು ಬಿಚ್ಚಿದಾರೆ, ಯಾರಿಗೆ ನೆನಪಿದೆ ಅಂದ. ಯಾವ ವರ್ಷ ಯಾವ ಬೋಲ್ಟು ಬದಲಾಯಿಸಿದೆ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುವ ಮನುಷ್ಯ. ಅಲ್ವೀನಾಳಿಗೆ ಅದು ಒಂದು ಕ್ಷಣ ವಿಚಿತ್ರ ಅನ್ನಿಸಿತು. ವಯಸ್ಸಾಯಿತಲ್ಲ ಅಂದುಕೊಂಡು ಕಾಫಿ ಬಗ್ಗಿಸಿದಳು.

ಹಾಗಾದರೆ ಸುತ್ತು ಎಣಿಸಿಯೇ ಬಿಡೋಣ ಅಂದಳು ಕೊರೀನ್. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಳು, ಗೇರು ನ್ಯೂಟ್ರಲ್ಲಿಗೆ ಹಾಕಿದಳು, ಬಲಗಡೆಯ ಹಿಂಚಕ್ರವನ್ನು ಜಾಕಿನಿಂದ ಎತ್ತಿ ಆಕ್ಸಲ್ಲಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟಳು. ಟೈರಿಗೆ ಸೀಮೆಸುಣ್ಣದ ಒಂದು ಗೆರೆ, ಶಾಫ್ಟಿಗೊಂದು ಗೆರೆ. ಚಕ್ರ ಬಿಗಿಯಾಗಿತ್ತು. ಅದನ್ನು ತಿರುಗಿಸುವುದಕ್ಕೆ ತನ್ನ ತೋಳೇ ಬೇಕು, ಕೆಳಗೆ ಮಲಗಿ ಶಾಫ್ಟಿನ ಗೆರೆ ಎಷ್ಟು ಸಲ ಬರುತ್ತದೆ ಅಂತ ದೊಡ್ಡಮ್ಮ ನೋಡಿ ಹೇಳಿದರೆ ಸಾಕು ಅಂದಳು.

ರೂಬೆನ್ ನಕ್ಕ. ಬಾಯಿಗೆ ಅಭ್ಯಾಸವಾಗಿಹೋದ ಮಾತು, ತಾನಾಗಿಯೇ ಬಂತು.

"ಅವಳನ್ನ ಮಲಗಿಸಬೇಡ ಕಣಮ್ಮ. ಒಂದು ಬಿಟ್ಟು ಒಂದು ಎಣಿಸ್ತಾಳೆ."

ಅಲ್ವೀನಾಳೂ ನಕ್ಕಳು. ಅವಳಿಗೂ ಅದು ಅಭ್ಯಾಸವೇ. ಶೆಡ್ಡಿನ ಮೂಲೆಯಲ್ಲಿದ್ದ ರಟ್ಟನ್ನು ಹಾಸಿ, ಮೊಣಕಾಲು ಊರಿ, ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿಕೊಂಡಳು. ಅರವತ್ತೊಂದರಲ್ಲಿ ಅದು ಸಲೀಸಾಗಿರಲಿಲ್ಲ. ಕೆಳಗೆ ಹೋದ ಮೇಲೆ ಅವಳಿಗೆ ಕಾಣಿಸಿದ್ದು ಕಪ್ಪು ಶಾಫ್ಟು, ಅದರ ಮೇಲಿನ ಬಿಳಿ ಗೆರೆ, ಒಂದು ಕಡೆ ಕೊರೀನಳ ಬೂಟುಗಳು, ಇನ್ನೊಂದು ಕಡೆ ರೂಬೆನ್‌ನ ಬೂಟು ಮತ್ತು ಊರುಗೋಲಿನ ರಬ್ಬರು.

ಅವಳು ಹೀಗೆಯೇ ಇಲ್ಲಿ ಮಲಗಿ ಮೂವತ್ತೊಂದು ವರ್ಷವಾಗಿತ್ತು.

ಅದು ಎಪ್ಪತ್ತೆರಡನೇ ಇಸವಿಯ ನವೆಂಬರ್. ಗಾಡಿ ಐವತ್ತು ಮೈಲಿ ವೇಗ ದಾಟಿದರೆ ಒಳಗೆ ಕೂತವರು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಎಂಜಿನ್ ಅರಚುತ್ತಿತ್ತು. ಹಿಂದಿನ ಆಕ್ಸಲ್ಲಿನ ಗೇರು ಬದಲಾಯಿಸಿದರೆ ಹೇಗೆ ಅಂತ ರೂಬೆನ್‌ಗೆ ಅನ್ನಿಸಿತು. ಬದಲಾಯಿಸುವುದಕ್ಕೆ ಮುಂಚೆ ಇರುವುದು ಎಷ್ಟರದು ಅಂತ ತಿಳಿಯಬೇಕಲ್ಲ. ಚಳಿಗೆ ಎಣ್ಣೆ ಅಂಟಿನಂತಾಗಿತ್ತು. ಮುಚ್ಚಳ ಬಿಚ್ಚುವ ಉಸಾಬರಿ ಬೇಡ ಅಂತ ಅವನೂ ಎಮಿಲನೂ ಸುಲಭದ ದಾರಿ ಹಿಡಿದರು. ಆಗ ಇದ್ದದ್ದು ಒಂದೇ ಜಾಕು. ಒಂದು ಚಕ್ರ ಎತ್ತಿದರು. ಎಮಿಲನ ಹೊಟ್ಟೆ ಗಾಡಿಯ ಕೆಳಗೆ ಹಿಡಿಸುತ್ತಿರಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ಅಲ್ವೀನಾಳನ್ನು ಕರೆದರು.

ರೂಬೆನ್ ಚಕ್ರವನ್ನು ಗೆರೆಯಿಂದ ಗೆರೆಗೆ ಒಂದು ಪೂರ್ತಿ ಸುತ್ತು ತಿರುಗಿಸಿದ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಎರಡು ಸುತ್ತು, ಅದರ ಮೇಲೆ ಒಂದು ಕಿರುಬೆರಳಗಲ ಅಂದಳು. ಯಾವ ಪಿಕಪ್ಪಿಗೂ ಎರಡು ಇರುವುದಿಲ್ಲ, ರೇಸ್ ಕಾರಿಗೂ ಇರುವುದಿಲ್ಲ, ನಾಲ್ಕರ ಹತ್ತಿರ ಇರಬೇಕು ಅಂದ ರೂಬೆನ್. ಮತ್ತೆ ತಿರುಗಿಸಿದ. ಮತ್ತೆ ಎರಡು ಸುತ್ತು, ಒಂದು ಕಿರುಬೆರಳು. ಮೂರನೇ ಸಲವೂ ಅಷ್ಟೇ. ಆಗ ಎಮಿಲ್ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಅತ್ತಿಗೆ ಒಂದು ಬಿಟ್ಟು ಒಂದು ಎಣಿಸ್ತಿದಾರೆ ಕಣೋ," ಅಂದ.

ಅಷ್ಟೇ ನಡೆದದ್ದು. ಧಾನ್ಯದ ಗೋದಾಮಿನ ಪಕ್ಕದ ಕಾಫಿ ಅಂಗಡಿಗೆ ಮರುದಿನವೇ ಆ ಮಾತು ತಲುಪಿತು. ಚಳಿಗಾಲದಲ್ಲಿ ಗಂಡಸರಿಗೆ ಬೇರೆ ಕೆಲಸವೇನಿರುತ್ತದೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಊರಲ್ಲಿ ಅರ್ಧಕ್ಕೆ ನಿಂತ ಯಾವುದಕ್ಕೂ ಅಲ್ವೀನಾ ಲೆಕ್ಕ ಅಂತ ಹೆಸರಾಯಿತು. ಬುಟ್ಟಿಯಲ್ಲಿ ಹನ್ನೆರಡರ ಬದಲು ಆರು ಮೊಟ್ಟೆ ಇದ್ದರೆ ಅಲ್ವೀನಾ ಲೆಕ್ಕ. ಪಾದ್ರಿ ಪ್ರಾರ್ಥನೆಯ ಎರಡು ಸಾಲು ನುಂಗಿದರೆ ಅಲ್ವೀನಾ ಲೆಕ್ಕ. ಅದರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದೇ ಕಷ್ಟವಾಗಿದ್ದು. ಕೆಟ್ಟ ಮನಸ್ಸಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಆ ವರ್ಷ ಅವಳಿಗೆ ಇನ್ನೊಂದು ವಿಷಯ ನಡೆಯುತ್ತಿತ್ತು. ಜುಲೈನಲ್ಲಿ ತಮ್ಮ ಹೊಲಕ್ಕೆ ನೀರು ಕಡಿಮೆ ಬರುತ್ತಿದೆ ಅಂತ ಕಾಲುವೆ ಸಂಘದ ಕಚೇರಿಗೆ ಹೋಗಿದ್ದಳು. ರೂಬೆನ್‌ಗೆ ಪುರುಸೊತ್ತಿರಲಿಲ್ಲ. ಒಂದು ಹಳೆಯ ಲಕೋಟೆಯ ಹಿಂದೆ ಹದಿನೈದು ದಿನದ ನೀರಿನ ಮಟ್ಟ ಬರೆದುಕೊಂಡು, ಕೂಡಿಸಿ ಭಾಗಿಸಿ, ತೂಬಿನ ನೀರಿನ ಅಳತೆಪಟ್ಟಿ ಎಲ್ಲಿ ತಪ್ಪಾಗಿದೆ ಅಂತ ತೋರಿಸಿದಳು. ಸಂಘದ ಮ್ಯಾನೇಜರ್ ಹ್ಯಾಡ್ಲಿ ಆ ಲಕೋಟೆಯನ್ನು ಎರಡು ಸಲ ಓದಿದರು. ಒಂದು ವಾರ ಬಿಟ್ಟು ಫೋನು ಮಾಡಿ, ನೀರು ಅಳೆಯುವ ಕೆಲಸಕ್ಕೆ ಬರುತ್ತೀರಾ ಅಂತ ಕೇಳಿದರು.

ಸೆಪ್ಟೆಂಬರಿನಲ್ಲಿ ಮೂರು ಬೆಳಿಗ್ಗೆ ಅವಳು ಆ ಕೆಲಸ ಕಲಿತಳು. ಕಾಲುವೆಯ ಮೇಲೆ ಅಡ್ಡ ಹಾಕಿದ ಹಲಗೆಯ ಮೇಲೆ ನಿಂತು, ಪುಟ್ಟ ಬಟ್ಟಲುಗಳ ಒಂದು ತಿರುಗಣಿಯನ್ನು ನೀರಿಗೆ ಇಳಿಬಿಡುವುದು. ನೀರಿನ ಹರಿವಿಗೆ ಬಟ್ಟಲು ತಿರುಗುತ್ತವೆ. ಪ್ರತಿ ಸುತ್ತಿಗೂ ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಟಿಕ್ ಅಂತ ಸಣ್ಣ ಸದ್ದು. ನಲವತ್ತು ಸೆಕೆಂಡಿನಲ್ಲಿ ಎಷ್ಟು ಟಿಕ್ ಅಂತ ಎಣಿಸಿದರೆ ನೀರಿನ ವೇಗ ಸಿಗುತ್ತದೆ. ಬೆಳಗಿನ ಚಳಿ, ಕಾಲ ಕೆಳಗೆ ಹರಿಯುವ ಕಂದು ನೀರು, ಕಿವಿಯೊಳಗೆ ಆ ಟಿಕ್ ಟಿಕ್. ಅವಳ ಇಡೀ ಮೈ ಕಿವಿಯಾಗುತ್ತಿತ್ತು. ಮಕ್ಕಳ ನೆಗಡಿ, ಹಾಲಿನ ಪಾತ್ರೆ, ಅತ್ತೆಯ ಔಷಧಿ, ಯಾವುದೂ ಆ ನಲವತ್ತು ಸೆಕೆಂಡಿನೊಳಗೆ ಬರುತ್ತಿರಲಿಲ್ಲ. ತನಗೊಬ್ಬಳಿಗೇ ಸೇರಿದ ಜಾಗ ಅಂತ ಅವಳಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿದ್ದು ಆ ಹಲಗೆಯ ಮೇಲೆ. ಮುಂದಿನ ಏಪ್ರಿಲ್‌ನಲ್ಲಿ ಕಾಲುವೆಗೆ ನೀರು ಬಿಟ್ಟಾಗಿನಿಂದ ಕೆಲಸ ಶುರು ಅಂತ ಮಾತಾಯಿತು. ರೂಬೆನ್‌ಗೆ ಹೇಳಿದಾಗ ಅವನು, ನಿನ್ನಿಷ್ಟ ಅಂದಿದ್ದ.

ಡಿಸೆಂಬರಿನ ಚರ್ಚಿನ ಊಟದಲ್ಲಿ ಹ್ಯಾಡ್ಲಿ ತಟ್ಟೆ ಹಿಡಿದು ಎದುರಿಗೆ ಬಂದರು. "ಒಂದು ಬಿಟ್ಟು ಒಂದು ಟಿಕ್ ಎಣಿಸಿದ್ರೆ ನನ್ನ ರೈತರಿಗೆ ಅರ್ಧ ನೀರೇ ಗತಿ, ಅಲ್ವೀನಾ," ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಹ್ಯಾಡ್ಲಿ ತಮಾಷೆಗೇ ಅಂದದ್ದು. ಕೆಲಸ ಕೊಡುವುದಿಲ್ಲ ಅಂತ ಅವರ ಮನಸ್ಸಿನಲ್ಲಿ ಇರಲಿಲ್ಲ. ಆದರೆ ಆ ರಾತ್ರಿಯೆಲ್ಲ ಅವಳು ತನ್ನನ್ನೇ ಕೇಳಿಕೊಂಡಳು: ನಿಜವಾಗಿ ತಪ್ಪಿಸಿಕೊಂಡಿದ್ದರೆ? ಮೂರು ಸಲವೂ? ಸೋಮವಾರ ಫೋನು ಮಾಡಿ, ಈ ವರ್ಷ ಆಗುವುದಿಲ್ಲ, ಮನೆಯಲ್ಲಿ ಕೆಲಸ ಹೆಚ್ಚು ಅಂದಳು. ಅವರು, ನೀರು ಬಿಡುವವರೆಗೂ ಜಾಗ ಖಾಲಿ ಇಟ್ಟಿರುತ್ತೇನೆ, ಮನಸ್ಸು ಬದಲಾದರೆ ಹೇಳಿ ಅಂದರು. ಏಪ್ರಿಲ್ ಬಂತು. ಪಕ್ಕದೂರಿನ ನಿವೃತ್ತ ಮೇಷ್ಟರೊಬ್ಬರು ಆ ಹಲಗೆಯ ಮೇಲೆ ನಿಂತರು.

ಈಗ ಗಾಡಿಯ ಕೆಳಗೆ ಮಲಗಿದ್ದವಳಿಗೆ ಮೇಲಿನಿಂದ ಕೊರೀನಳ ದನಿ ಕೇಳಿಸಿತು. ಒಂದು ಬಿಟ್ಟು ಒಂದರ ಕಥೆ ಏನು ಅಂತ ಅವಳು ಕೇಳುತ್ತಿದ್ದಳು. ರೂಬೆನ್ ಹೇಳಿದ, ಮೂವತ್ತೊಂದು ವರ್ಷದಿಂದ ಹೇಳಿ ಹೇಳಿ ನುಣುಪಾದ ಕಥೆ, ಎಲ್ಲಿ ನಿಲ್ಲಿಸಿದರೆ ಎಲ್ಲಿ ನಗು ಬರುತ್ತದೆ ಅಂತ ಗೊತ್ತಿದ್ದ ಕಥೆ. ಕೊರೀನ್ ಮಾತ್ರ ನಗಬೇಕಾದಲ್ಲಿ ನಗಲಿಲ್ಲ.

"ಎಷ್ಟು ಚಕ್ರ ಎತ್ತಿದ್ರಿ?"

"ಒಂದು. ಒಂದೇ ಜಾಕ್ ಇದ್ದದ್ದು."

"ಎಷ್ಟು ಸುತ್ತು ತಿರುಗಿಸಿದ್ರಿ?"

"ಒಂದು."

ಕೊರೀನಳ ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು. "ಮತ್ತೆ ದೊಡ್ಡಮ್ಮ ಎಣಿಸಿದ್ದು ಸರಿಯಾಗೇ ಇದೆಯಲ್ಲ, ದೊಡ್ಡಪ್ಪ. ನನ್ನ ಹುಡುಗರೂ ಮೊದಲನೇ ವರ್ಷ ಇದೇ ತಪ್ಪು ಮಾಡ್ತಾರೆ. ಒಂದು ಚಕ್ರ ನೆಲದ ಮೇಲೆ ಸುಮ್ಮನೆ ನಿಂತಿರುತ್ತಲ್ಲ, ಆಗ ಇನ್ನೊಂದನ್ನ ಒಂದು ಸುತ್ತು ತಿರುಗಿಸಿದ್ರೆ ಶಾಫ್ಟಿಗೆ ಹೋಗಿ ಮುಟ್ಟೋದು ಅರ್ಧ ಸುತ್ತಿನ ಲೆಕ್ಕ. ಎರಡು ಚಕ್ರದ್ದನ್ನೂ ಕೂಡಿಸಿ ಅರ್ಧ ಮಾಡೋದು ಒಳಗಿನ ಡಿಫರೆನ್ಷಿಯಲ್ ಕೆಲಸ. ಒಂದೇ ಚಕ್ರ ಎತ್ತಿದ್ರೆ ಎರಡು ಸುತ್ತು ತಿರುಗಿಸಬೇಕು."

ಅಲ್ವೀನಾ ಕೆಳಗೆ ಬಿಳಿ ಗೆರೆಯ ಮೇಲೆ ಕಣ್ಣಿಟ್ಟಳು. ಮೊದಲು ಒಂದೇ ಸುತ್ತು ತಿರುಗಿಸು ಅಂದಳು. ಚಕ್ರ ಕಿರ್ ಅಂತ ತಿರುಗಿತು. ಬಿಳಿ ಗೆರೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು, ಒಂದು ಕಿರುಬೆರಳಗಲ ದಾಟಿ ನಿಂತಿತು. ಎಪ್ಪತ್ತೆರಡರಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ. ಅವಳು ಅದರ ಮೇಲೆ ಬೆರಳಿಟ್ಟು ನೋಡಿದಳು.

"ಈಗ ಎರಡು ಸುತ್ತು."

ನಾಲ್ಕು ಸುತ್ತು ಬಂದು, ಎರಡು ಕಿರುಬೆರಳಗಲ ದಾಟಿತು. ಅದನ್ನು ಹೇಳಿದಳು.

"ನೋಡಿದ್ರಾ," ಅಂದಳು ಕೊರೀನ್ ಖುಷಿಯಿಂದ. ನಾಲ್ಕರ ಮೇಲೆ ಸ್ವಲ್ಪ. ಆದರೆ ಆ ಸ್ವಲ್ಪ ಎಷ್ಟು ಅಂತ ಕರಾರುವಾಕ್ಕಾಗಿ ತಿಳಿಯಬೇಕಾದರೆ ಮುಚ್ಚಳ ಬಿಚ್ಚಲೇಬೇಕು. ನಾಲ್ಕು ಪಾಯಿಂಟ್ ಒಂದು ಒಂದೂ ಇರಬಹುದು, ನಾಲ್ಕು ಪಾಯಿಂಟ್ ಸೊನ್ನೆ ಒಂಬತ್ತೂ ಇರಬಹುದು.

"ಸೊನ್ನೆ ಒಂಬತ್ತು," ಅಂದ ರೂಬೆನ್. "ದೊಡ್ಡ ಗೇರಿಗೆ ನಲವತ್ತೈದು ಹಲ್ಲು, ಅದನ್ನ ತಿರುಗಿಸೋ ಪಿನಿಯನ್ನಿಗೆ ಹನ್ನೊಂದು."

ಅಷ್ಟರಲ್ಲಿ ಕೊರೀನಳ ಜೇಬಿನ ಫೋನು ಬಡಿದುಕೊಂಡಿತು. ಗೇರ್‌ಬಾಕ್ಸ್ ಅಂಗಡಿಯವನು. ಶೆಡ್ಡಿನೊಳಗೆ ಸರಿಯಾಗಿ ಕೇಳುತ್ತಿಲ್ಲ ಅಂತ ಅವಳು ಮಾತಾಡುತ್ತಾ ಹೊರಗೆ ಹೋದಳು. ಲಾರಿಗಳ ಸದ್ದಿನಲ್ಲಿ ಅವಳ ದನಿ ಕರಗಿತು.

ಊರುಗೋಲಿನ ರಬ್ಬರು ಅಲ್ಲಾಡಲಿಲ್ಲ. ರೂಬೆನ್‌ನ ಬೂಟುಗಳೂ ಅಲ್ಲಾಡಲಿಲ್ಲ. ತಾನು ಏನಂದೆ ಅಂತ ಅವನಿಗೆ ಗೊತ್ತಾಗಿದೆ ಅಂತ ಅಲ್ವೀನಾಳಿಗೆ ಆ ಬೂಟುಗಳನ್ನು ನೋಡಿಯೇ ತಿಳಿಯಿತು. ಅವಳು ಹೊರಗೆ ಬರುವ ಪ್ರಯತ್ನ ಮಾಡಲಿಲ್ಲ. ಮುಖ ನೋಡಿಕೊಂಡು ಕೇಳುವುದಕ್ಕಿಂತ ಇಲ್ಲಿಂದ ಕೇಳುವುದು ಸುಲಭ ಅನ್ನಿಸಿತು.

"ಯಾವಾಗ ಬಿಚ್ಚಿದ್ದು?"

ಅವಳು ಮತ್ತೊಮ್ಮೆ ಕೇಳಿದಳು, ಅದೇ ದನಿಯಲ್ಲಿ.

"ನೀನು ನಿನ್ನ ತಂಗಿ ಬಾಣಂತನಕ್ಕೆ ಬೇಯರ್ಡಿಗೆ ಹೋಗಿದ್ಯಲ್ಲ, ಆ ವಾರ," ಅಂದ ರೂಬೆನ್. "ನಾನು, ಎಮಿಲ್."

ಅದು ಎಪ್ಪತ್ತಮೂರರ ಜನವರಿ. ಅವಳ ತಂಗಿಯ ಮಗಳು ಹುಟ್ಟಿದ್ದು ಜನವರಿ ಹದಿನಾರಕ್ಕೆ. ಜನವರಿ, ಫೆಬ್ರವರಿ, ಮಾರ್ಚ್. ಹ್ಯಾಡ್ಲಿ ಜಾಗ ಖಾಲಿ ಇಟ್ಟುಕೊಂಡು ಕಾದಿದ್ದ ತಿಂಗಳುಗಳು. ಕಾಫಿ ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೇಡ, ರಾತ್ರಿ ಊಟ ಮಾಡುವಾಗ ಅವಳೊಬ್ಬಳಿಗೆ ಹೇಳಿದ್ದರೂ ಸಾಕಿತ್ತು.

ರೂಬೆನ್ ಮೆಲ್ಲಗೆ, ತಡೆತಡೆದು ಹೇಳಿದ. ಗೇರಿನ ಮೇಲಿನ ಸಂಖ್ಯೆ ನೋಡಿದರು. ಇಬ್ಬರೂ ಕೂತು ಭಾಗಿಸಿದರು. ನಾಲ್ಕು ಚಿಲ್ಲರೆ ಬಂತು; ಅವಳು ಹೇಳಿದ್ದರ ಸರಿಯಾಗಿ ಎರಡರಷ್ಟು. ಎಮಿಲ್ ಮತ್ತೆ ಚಕ್ರ ತಿರುಗಿಸಿ ನೋಡಿದ; ಶಾಫ್ಟು ಸುತ್ತಿದ್ದು ಎರಡೇ. ತಪ್ಪು ಎಲ್ಲಿ ಅಂತ ಅವನಿಗೇ ಮೊದಲು ಹೊಳೆದದ್ದು. ಅತ್ತಿಗೆ ಬಂದ ತಕ್ಷಣ ಹೇಳಿಬಿಡೋಣ ಅಂದಿದ್ದ.

ಆ ವಸಂತದಿಂದ ಎಮಿಲ್ ಆ ತಮಾಷೆ ಬಿಟ್ಟಿದ್ದ. ಅಲ್ವೀನಾಳಿಗೆ ಈಗ ಅದು ನೆನಪಾಯಿತು. ಬೇರೆಯವರು ಅಂದಾಗಲೂ ಅವನು ಎದ್ದು ಕಾಫಿ ತರಲು ಹೋಗುತ್ತಿದ್ದ. ಅವನಿಗೆ ಬೇಸರ ಬಂದಿರಬೇಕು ಅಂತ ಅವಳು ಅಂದುಕೊಂಡಿದ್ದಳು.

"ನೀನು ಯಾಕೆ ಹೇಳಲಿಲ್ಲ?"

"ನೀನು ಆಗಲೇ ಹ್ಯಾಡ್ಲಿಗೆ ಬೇಡ ಅಂದಿದ್ದೆ. ನಿನಗೇ ಇಷ್ಟ ಇಲ್ಲ ಅಂದ್ಕೊಂಡೆ."

"ಹಾಗಂದ್ಕೊಂಡೆಯಾ?"

ಲಾರಿಯೊಂದು ಹಾದುಹೋಯಿತು. ಶೆಡ್ಡಿನ ತಗಡು ಗಡಗಡ ಅಂದು ಸುಮ್ಮನಾಯಿತು.

"ಇಲ್ಲ," ಅಂದ ರೂಬೆನ್. "ಹಾಗಂದ್ಕೊಳ್ಳಲಿಲ್ಲ. ಸಾಯಂಕಾಲ ಬಂದ್ರೆ ನೀನು ಮನೇಲಿರ್ತಿದ್ದೆ. ಅದು ನನಗೆ ಬೇಕಾಗಿತ್ತು. ಒಂದು ವಾರ ಬಿಟ್ಟು ಹೇಳೋಣ, ಇನ್ನೊಂದು ವಾರ ಬಿಟ್ಟು ಹೇಳೋಣ ಅಂತ ಇದ್ದೆ. ಆಮೇಲೆ ಕಾಲುವೆಗೆ ನೀರು ಬಿಟ್ರು."

ಅವಳು ತಲೆಯ ಮೇಲಿದ್ದ ಶಾಫ್ಟನ್ನೇ ನೋಡುತ್ತಾ ಮಲಗಿದ್ದಳು. ಸಿಟ್ಟು ಬರಲಿ ಅಂತ ಕಾದಳು. ಬಂತು, ಆದರೆ ಬಂದ ಹಾಗೆಯೇ ದಾರಿ ತಪ್ಪಿ ಅವಳ ಕಡೆಗೇ ತಿರುಗಿತು. ಜಾಕು ಈ ಶೆಡ್ಡಿನ ಗೋಡೆಯಲ್ಲೇ ಇತ್ತು. ಸೀಮೆಸುಣ್ಣ ಮಕ್ಕಳ ಚೀಲದಲ್ಲಿತ್ತು. ಪ್ರತಿ ಸೋಮವಾರ ರೂಬೆನ್ ಪಟ್ಟಣಕ್ಕೆ ಹೋಗುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸೋಮವಾರ. ಒಂದೇ ಒಂದು ಸಲ ತಾನೇ ಬಂದು ಚಕ್ರ ಎತ್ತಿ ತಿರುಗಿಸಿ ನೋಡಬಹುದಿತ್ತು. ನೋಡಲಿಲ್ಲ. ತನ್ನ ಕಣ್ಣು ತಪ್ಪಿಲ್ಲ ಅಂತ ಅವಳಿಗೆ ಅವತ್ತೇ ಗೊತ್ತಿತ್ತು. ಮೂರು ಸಲ ಅದೇ ಜಾಗದಲ್ಲಿ ನಿಂತ ಗೆರೆಯನ್ನು ಕಂಡವಳಿಗೆ ಗೊತ್ತಾಗದೆ ಇರುತ್ತದೆಯೇ. ಆದರೆ ಗೊತ್ತಿದ್ದದ್ದನ್ನು ಮತ್ತೆ ನೋಡಿ ಖಚಿತ ಮಾಡಿಕೊಂಡರೆ, ಆಮೇಲೆ ಅದನ್ನು ಹೇಳಬೇಕಾಗುತ್ತಿತ್ತು. ಊಟದ ಮೇಜಿನ ಮುಂದೆ, ಗಂಡನಿಗೆ, ನೀನು ತಪ್ಪು ಅಂತ. ಅದಕ್ಕಿಂತ ನಗುವುದು ಸುಲಭವಾಗಿತ್ತು. ನಿಜ ಹೇಳಬೇಕೆಂದರೆ ಕೆಲವು ವರ್ಷಗಳಾದ ಮೇಲೆ ಆ ಕಥೆಯನ್ನು ರೂಬೆನ್‌ಗಿಂತ ಚೆನ್ನಾಗಿ ಅವಳೇ ಹೇಳುತ್ತಿದ್ದಳು. ಚರ್ಚಿನ ಹೆಂಗಸರ ನಡುವೆ, ಕಣ್ಣು ಮಿಟುಕಿಸಿ ತೋರಿಸುತ್ತಾ. ಬೇರೆಯವರು ಹೇಳುವ ಮುಂಚೆ ತಾನೇ ಹೇಳಿಬಿಟ್ಟರೆ ಅಷ್ಟು ಚುಚ್ಚುವುದಿಲ್ಲ ಅಂತ ಕಲಿತಿದ್ದಳು.

ಹ್ಯಾಡ್ಲಿ ಸತ್ತು ಹದಿನೈದು ವರ್ಷ. ಎಮಿಲ್ ಇಲ್ಲ. ಕಾಫಿ ಅಂಗಡಿಯಲ್ಲಿ ಅವತ್ತು ನಕ್ಕವರಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರೆ. ಈಗ ಯಾರ ಹತ್ತಿರ ಹೋಗಿ ಏನು ಹೇಳುವುದು.

"ಅಲ್ವೀನಾ," ಅಂದ ರೂಬೆನ್ ಮೇಲಿನಿಂದ. "ಎದ್ದು ಬಾ. ನೆಲ ತಣ್ಣಗಿದೆ."

ಕೊರೀನ್ ಫೋನು ಜೇಬಿಗೆ ಹಾಕಿಕೊಳ್ಳುತ್ತಾ ಒಳಗೆ ಬಂದಳು. ಅಂಗಡಿಯವನಿಗೆ ಸಂಜೆಯೊಳಗೆ ಲೆಕ್ಕ ಹೇಳಬೇಕಂತೆ. ದೊಡ್ಡಪ್ಪ ಆಗ ಏನೋ ಸಂಖ್ಯೆ ಹೇಳಿದಿರಲ್ಲ, ಊಹೆಯೋ ನಿಜವೋ ಅಂತ ಕೇಳಿದಳು. ರೂಬೆನ್ ಹೆಂಡತಿಯ ಕಾಲುಗಳ ಕಡೆ ನೋಡಿದ. ಆಮೇಲೆ, ಎಪ್ಪತ್ತಮೂರರ ಜನವರಿಯಲ್ಲಿ ನಿಮ್ಮಪ್ಪನೂ ನಾನೂ ಬಿಚ್ಚಿ ನೋಡಿದ್ದೆವು ಅಂದ. ನಿಮ್ಮಪ್ಪ ಹೇಳೋಣ ಅಂದಿದ್ದ, ನಾನು ಬೇಡ ಅಂದೆ ಅಂತಲೂ ಸೇರಿಸಿದ. ಕೊರೀನ್ ಜಾಣೆ. ಅವಳ ಬೂಟುಗಳು ಬಾಗಿಲ ಹತ್ತಿರವೇ ನಿಂತವು.

ಅಲ್ವೀನಾ ಒಂದು ಕೈಯಲ್ಲಿ ಸ್ಟ್ಯಾಂಡು ಹಿಡಿದು ಹೊರಗೆ ಜಾರಿ ಎದ್ದು ಕೂತಳು. ಬೆನ್ನಿಗೆ ರಟ್ಟಿನ ಚೂರು ಅಂಟಿತ್ತು. ಕೊರೀನ್ ಅದನ್ನು ಬಿಡಿಸಿದಳು. ಕಾಲುವೆಯ ಕೆಲಸದ ವಿಷಯ ಅಲ್ವೀನಾ ಅವಳಿಗೆ ನಾಲ್ಕು ಮಾತಿನಲ್ಲಿ ಹೇಳಿದಳು. ತನ್ನ ಮಕ್ಕಳಿಗೂ ಹೇಳಿರಲಿಲ್ಲ. ಹೇಳುವಾಗ ಅದು ಎಷ್ಟು ಸಣ್ಣ ವಿಷಯ ಅಂತ ಅವಳಿಗೇ ಆಶ್ಚರ್ಯವಾಯಿತು: ಒಂದು ಹಲಗೆ, ಒಂದು ತಿರುಗಣಿ, ಎಣಿಸುವುದು.

ಕೊರೀನ್ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. "ಯಾರಾದ್ರೂ ಹೋಗಬೇಡ ಅಂದ್ರಾ ದೊಡ್ಡಮ್ಮ?"

"ಯಾರೂ ಅನ್ನಲಿಲ್ಲ. ನಾನೇ ಬೇಡ ಅಂದೆ." ಕೈಗೆ ಅಂಟಿದ ಧೂಳು ಕೊಡವಿದಳು. "ಅದೇ ನನಗೆ ಇವತ್ತಿಗೂ ಚುಚ್ಚೋದು."

ಕೊರೀನ್ ಎದ್ದು, ಹಾಗಾದರೆ ನಾಲ್ಕು ಪಾಯಿಂಟ್ ಸೊನ್ನೆ ಒಂಬತ್ತು ಅಂತಲೇ ಅಂಗಡಿಗೆ ಹೇಳುತ್ತೇನೆ, ಮುಚ್ಚಳ ಬಿಚ್ಚುವುದು ಉಳಿಯಿತು ಅಂದಳು. ಮಾತು ಬೇರೆ ಕಡೆ ತಿರುಗಿಸುವ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

"ಬಿಚ್ಚು," ಅಂದಳು ಅಲ್ವೀನಾ.

"ನಾನು ಕಣ್ಣಾರೆ ನೋಡಿದೀನಿ ಅಲ್ವೀನಾ," ಅಂದ ರೂಬೆನ್. "ನನ್ನ ಮಾತು ನಂಬು."

"ನಂಬಿ ನೋಡಿದ್ದಾಯ್ತು, ರೂಬೆನ್."

ಅವನು ತಲೆ ತಗ್ಗಿಸಿದ. ಕೊರೀನ್ ಪಾನಾ ತಂದಳು. ಹತ್ತು ಬೋಲ್ಟು. ಕೊನೆಯದು ಸಡಿಲವಾದಾಗ ಮುಚ್ಚಳದ ಕೆಳಗಿನಿಂದ ಹಳೆಯ ಎಣ್ಣೆ ದಪ್ಪ ಕರಿ ಧಾರೆಯಾಗಿ ತಟ್ಟೆಗೆ ಇಳಿಯಿತು. ಆ ಗಂಧಕದ ವಾಸನೆಗೆ ಅಲ್ವೀನಾ ಮೂಗು ಮುಚ್ಚಿಕೊಳ್ಳಲಿಲ್ಲ. ಮುಚ್ಚಳ ತೆಗೆದಾಗ ದೊಡ್ಡ ಕ್ರೌನ್ ಗೇರು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಾ ಕಾಣಿಸಿತು. ಸಂಖ್ಯೆ ಕೊರೆದಿರುವ ಜಾಗ ಒರೆಸಿ ತೋರಿಸಲೇ ಅಂತ ಕೊರೀನ್ ಕೇಳಿದಳು. ಅಲ್ವೀನಾ ಬೇಡ ಅಂದಳು. ಬಟ್ಟೆಯಿಂದ ಒಂದು ಹಲ್ಲನ್ನು ಚೆನ್ನಾಗಿ ಒರೆಸಿ, ಕೊರೀನಳ ಹಳದಿ ಪೆನ್ನಿನಿಂದ ಅದರ ಮೇಲೆ ಒಂದು ಚುಕ್ಕೆ ಇಟ್ಟಳು. ಮೊಣಕಾಲ ಕೆಳಗೆ ರಟ್ಟು ಮಡಿಸಿ ಹಾಕಿಕೊಂಡಳು.

"ನಿಧಾನಕ್ಕೆ ತಿರುಗಿಸು," ಅಂದಳು.

ಚಕ್ರ ತಿರುಗಿತು. ಗೇರು ಅವಳ ಬೆರಳ ತುದಿಯ ಕೆಳಗೆ ಹಲ್ಲು ಹಲ್ಲಾಗಿ ಸರಿಯಿತು. ಅವಳು ಒಂದೊಂದನ್ನೂ ಮುಟ್ಟಿ, ಗಟ್ಟಿಯಾಗಿ ಹೇಳುತ್ತಾ ಹೋದಳು. ಹತ್ತು, ಹನ್ನೊಂದು, ಹನ್ನೆರಡು. ಎಣ್ಣೆ ಮುಂಗೈ ಇಳಿದು ಮೊಣಕೈಗೆ ಬಂತು. ಅಡುಗೆಮನೆಯಲ್ಲಿ ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿರಬೇಕು. ಆ ಯೋಚನೆ ಬಂದು, ನಿಲ್ಲದೆ ಹೋಯಿತು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಬೇರೆ ಯಾವ ಸದ್ದೂ ಅವಳಿಗೆ ಕೇಳಿಸುತ್ತಿರಲಿಲ್ಲ. ತನಗೆ ಇದು ಎಷ್ಟು ಚೆನ್ನಾಗಿ ಬರುತ್ತಿತ್ತು ಅಂತ ಅನ್ನಿಸಿತು. ಆದರೂ ಸಂಖ್ಯೆ ತಪ್ಪಲಿಲ್ಲ.

ನಲವತ್ತು ದಾಟಿದ ಮೇಲೆ ಒಂದು ವಿಚಿತ್ರ ಆಸೆ ಹುಟ್ಟಿತು. ನಲವತ್ತನಾಲ್ಕಾದ ಮೇಲೆ ಆ ಹಳದಿ ಚುಕ್ಕೆ ಬಂದುಬಿಡಲಿ. ರೂಬೆನ್‌ನ ಲೆಕ್ಕ ಒಂದು ಹಲ್ಲಿನಷ್ಟು ತಪ್ಪಾಗಿರಲಿ. ಆಗ ಅವನೂ ತಪ್ಪಿದ ಅಂತಾಗುತ್ತದೆ. ಆ ಜನವರಿಯಲ್ಲಿ ಯಾರಿಗೂ ಏನೂ ಖಚಿತವಾಗಿ ಗೊತ್ತಿರಲಿಲ್ಲ ಅಂತಾಗುತ್ತದೆ. ಕಳೆದುಹೋದದ್ದು ತಿಳಿಯದೆ ಕಳೆದುಹೋಯಿತು ಅಂತ ಅಂದುಕೊಂಡು ಅಡುಗೆಮನೆಗೆ ಹೋಗಬಹುದು.

ನಲವತ್ತನಾಲ್ಕು ಅಂದಳು. ಅವಳ ಬೆರಳ ಕೆಳಗೆ ಬಂದ ಮುಂದಿನ ಹಲ್ಲಿನ ಮೇಲೆ ಕರಿ ಎಣ್ಣೆ ಮಾತ್ರ ಇತ್ತು.

"ನಲವತ್ತೈದು," ಅಂದಳು.

ಅದರ ಹಿಂದೆಯೇ ಚುಕ್ಕೆ ಇಟ್ಟ ಹಲ್ಲು ಬಂದು ನಿಂತಿತು. ಕೊರೀನ್ ಚಕ್ರದಿಂದ ಕೈ ತೆಗೆದಳು. ಸರಿಯಿದೆ ಅಂತ ಅಲ್ವೀನಾ ಹೇಳಿದಳು, ಯಾರ ಕಡೆಗೂ ನೋಡದೆ. ಸ್ಟೂಲಿನ ಮೇಲೆ ಕೂತಿದ್ದ ರೂಬೆನ್, ಬಟ್ಟೆ ಕೊಡಲೇ ಅಂತ ಕೇಳಿದ. ಅವಳಿಗೆ ಕೇಳಿಸಿತು. ಸ್ವಲ್ಪ ಹೊತ್ತು ಹಾಗೆಯೇ, ಎಣ್ಣೆಯ ಕೈಯನ್ನು ಮೈಗೆ ತಾಗದಂತೆ ಹಿಡಿದುಕೊಂಡು, ತೆರೆದ ಆಕ್ಸಲ್ಲಿನ ಮುಂದೆ ಮೊಣಕಾಲೂರಿ ಕೂತಿದ್ದಳು.